ಭಾನುವಾರದ ಒಂದು ತಾಸು, ಮನೆಯ ಆರು ದಿನ



ಈ ಸಲ ಚಟ್ನಿಪುಡಿ, ಸಂಡಿಗೆ ವಿಚಾರ ಬದಿಗಿಟ್ಟು ಸ್ವಲ್ಪ ಇತಿಹಾಸ ಬರೀತೀನಿ. ಇತಿಹಾಸ ಅಂದಕೂಡ್ಲೆ ರಾಜರು, ಕೋಟೆ, ಯುದ್ಧ ಅಂತ ಹೆದರ್ಬ್ಯಾಡ್ರಿ. ಇದು ನಮ್ಮ ತೊಡೆ ಮೇಲೆ ಕೂತು ಕೈ ಜೋಡ್ಸೋದು ಕಲಿಯೋ ಕೂಸಿನ ಇತಿಹಾಸ. ಸಣ್ಣ ಮಕ್ಳಿಗೆ ದೇವ್ರ ವಿಚಾರ ಯಾರು ಹೇಳ್ಕೊಡ್ತಾ ಬಂದ್ರು, ಎಲ್ಲಿ ಕೂರಿಸ್ಕೊಂಡು ಹೇಳ್ಕೊಟ್ರು, ಯಾವ ಮಾತಿನಾಗೆ ಹೇಳ್ಕೊಟ್ರು ಅನ್ನೋ ಕಥೆ. ಕ್ರೈಸ್ತರ ಮನೆಗಳ ಕಥೆನೇ ಮುಖ್ಯವಾಗಿ ಹೇಳ್ತೀನಿ. ಆದ್ರೆ ಬೇರೆ ಮನೆಯವ್ರೂ ಓದ್ರಿ, ನಿಮ್ಮ ಮನೆ ಮಾತೂ ಇದ್ರಾಗೆ ಸಿಗ್ತೈತಿ.

ಈಗ್ಯಾಕೆ ಇದು ಅಂದ್ರೆ, ಎಲ್ಡು ಮಾತು ಪದೇ ಪದೇ ಕಿವಿಗೆ ಬೀಳ್ತಾವೆ. ತಾಯಂದಿರು ಹೇಳೋದು, "ಭಾನುವಾರ ಕ್ಲಾಸಿಗೆ ಕಳಿಸ್ತೀವಲ್ಲ, ಅಲ್ಲಿ ಹೇಳ್ಕೊಡ್ತಾರೆ, ನಮಗೇನ್ ಬರ್ತೈತಿ?" ಕ್ಲಾಸು ತಗಳ್ಳೋರು ಹೇಳೋದು, "ಮನ್ಯಾಗೆ ಒಂದು ದಿನಾನೂ ಪ್ರಾರ್ಥನೆ ಇಲ್ಲ, ಒಂದು ತಾಸಿನಾಗೆ ನಾವೇನ್ ಮಾಡೋಣ?" ಇಬ್ರ ನಡುವೆ ಕೂಸು ನಿಂತೈತಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆ ಕ್ರೈಸ್ತರ ಮನೆ ಅಲ್ಲೊಂದು ಇಲ್ಲೊಂದು. ದೊಡ್ಡ ಪಟ್ಟಣದಂಗೆ ಓಣಿ ತುಂಬಾ ನಮ್ಮೋರೇ ಇರಲ್ಲ. ಮನೆ ಕಲಿಸದೇ ಹೋದದ್ದನ್ನ ಓಣಿ ಕಲಿಸ್ತೈತಿ ಅನ್ನಂಗಿಲ್ಲ. ಹಂಗಾಗಿ ಇಲ್ಲಿ ಈ ಪ್ರಶ್ನೆ ಬೇರೆ ಕಡೆಗಿಂತ ಒಂದು ಕೈ ಜಾಸ್ತೀನೇ ಮುಖ್ಯ.

ಹಿಂದಕ್ಕೆ ಹೋಗಿ ನೋಡಿದ್ರೆ ನನಗೆ ಕಾಣೋದು ಇಷ್ಟು. ಪಾಠ ಚರ್ಚಿಂದ ಬಂದಿರಬಹುದು, ಅದು ಬೇರು ಬಿಟ್ಟದ್ದು ಮನ್ಯಾಗೆ. ಚರ್ಚು ಎಲ್ಲೆಲ್ಲಿ ಮಕ್ಕಳ ಮನಸ್ಸು ಗೆದ್ದೈತೋ ಅಲ್ಲೆಲ್ಲಾ ಮನೆ ಮಾತು, ಮನೆ ಹಾಡು, ಮನೆ ಹೆಂಗಸಿನ ಕೈ ಹಿಡ್ಕೊಂಡೇ ಗೆದ್ದೈತಿ. ಹೆಂಗೆ ಅಂತ ಒಂದೊಂದಾಗಿ ಹೇಳ್ತೀನಿ.

ಮೊದ್ಲು ನಮ್ಮ ಓಣಿ

ದೂರ ಹೋಗೋಕಿಂತ ಮುಂಚೆ ಅಕ್ಕಪಕ್ಕ ನೋಡ್ರಿ. ಲಿಂಗಾಯತರ ಮನ್ಯಾಗೆ ಹುಟ್ಟಿದ ಕೂಸಿಗೆ ಲಿಂಗ ಕಟ್ತಾರೆ. ಆ ಕೂಸಿಗೆ ಇನ್ನೂ ಮಾತೇ ಬಂದಿರಲ್ಲ, ದೇವ್ರು ಆಗ್ಲೇ ಮೈಮೇಲೆ ಬಂದಿರ್ತಾನೆ. ಮುಸಲ್ಮಾನರ ಮನ್ಯಾಗೆ ಮಗುವಿಗೆ 4 ವರ್ಷ 4 ತಿಂಗಳು 4 ದಿನ ಆದಾಗ ಬಿಸ್ಮಿಲ್ಲಾ ಶಾಸ್ತ್ರ ಮಾಡೋ ಪದ್ಧತಿ ಐತಿ. ಮೊದ್ಲ ಅಕ್ಷರ, ಮೊದ್ಲ ದೇವರ ಹೆಸ್ರು ಎಲ್ಡೂ ಒಂದೇ ದಿನ, ಬಂಧು ಬಳಗದ ಮುಂದೆ, ಮಿಠಾಯಿ ಹಂಚಿ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರು ಹುಟ್ಟಿದ ಜಾಗ. ದೇಶದ ಮೂಲೆ ಮೂಲೆಯಿಂದ ಬಂಜಾರ ಜನ ಅಲ್ಲಿಗೆ ಬರ್ತಾರೆ. ಅವ್ರ ಮಾತಿಗೆ ತನ್ನದೇ ಲಿಪಿ ಇರಲಿಲ್ಲ. ತಾಂಡಾದ ಹೆಂಗಸ್ರ ಬಾಯಿ ಹಾಡಿನಾಗೇ ಸೇವಾಲಾಲರ ಮಾತು ಮಕ್ಕಳಿಗೆ ದಾಟಿ ಬಂತು.

ಅಂದ್ರೆ ಮಠ, ಮಸೀದಿ, ಗುಡಿ, ಚರ್ಚು ಯಾವುದೇ ಇರಲಿ, ಕೂಸು ಅದ್ರ ಮೆಟ್ಲು ಹತ್ತೋಕಿಂತ ಮೊದ್ಲೇ ಮನ್ಯಾಗೆ ಅರ್ಧ ಪಾಠ ಮುಗಿದಿರ್ತೈತಿ.

ಬೈಬಲ್ಲೂ ಇದನ್ನೇ ಹೇಳ್ತೈತಿ. ಧರ್ಮೋಪದೇಶಕಾಂಡದ 6ನೇ ಅಧ್ಯಾಯದಾಗೆ ಮೋಶೆ ಜನಕ್ಕೆ ಹೇಳೋದು ಏನಂದ್ರೆ, ದೇವರ ಮಾತನ್ನ ಮಕ್ಕಳಿಗೆ ಮನ್ಯಾಗೆ ಕೂತಾಗ, ದಾರಿ ನಡಿಯುವಾಗ, ಮಲಗುವಾಗ, ಏಳುವಾಗ ಹೇಳ್ಕೊಡ್ರಿ ಅಂತ. ಹೊಸ ಒಡಂಬಡಿಕೆಯಾಗೆ ಪೌಲ ತಿಮೊಥೆಯನಿಗೆ ಬರೆದ ಎಲ್ಡನೇ ಪತ್ರದಾಗೆ ಆ ಹುಡುಗನ ನಂಬಿಕೆ ಎಲ್ಲಿಂದ ಬಂತು ಅಂತ ಹೆಸ್ರು ಹಿಡಿದು ಹೇಳ್ತಾನೆ: ಅಜ್ಜಿ ಲೋವಿ, ತಾಯಿ ಯೂನಿಕೆ. ಅಲ್ಲಿ ಯಾವ ಗುರುವಿನ ಹೆಸ್ರೂ ಇಲ್ಲ ನೋಡ್ರಿ.

ಗಂಟೆ ಬಾರಿಸ್ಕೊಂಡು ಬಂದ ಪಾದ್ರಿ

1542ರಾಗೆ ಫ್ರಾನ್ಸಿಸ್ ಜೇವಿಯರ್ ಗೋವಾಕ್ಕೆ ಬಂದ್ರು. ಕೈಯಾಗೆ ಒಂದು ಗಂಟೆ ಹಿಡ್ಕೊಂಡು ಬೀದಿ ಬೀದಿ ತಿರುಗಿ ಮಕ್ಕಳನ್ನ ಕರೀತಿದ್ರು. ಪ್ರಾರ್ಥನೆಗಳನ್ನ ಹಾಡಿನ ಧಾಟಿಗೆ ಹಾಕಿ ಹೇಳ್ಕೊಡ್ತಿದ್ರು. ಆಮೇಲೆ ತಮಿಳು ಕರಾವಳಿಯ ಮೀನುಗಾರರ ಊರುಗಳಿಗೆ ಹೋದಾಗ, ಅಲ್ಲಿ ಜನರ ಮಾತು ಇವ್ರಿಗೆ ಬರ್ತಿರಲಿಲ್ಲ. ಬಲ್ಲೋರನ್ನ ಕೂರಿಸ್ಕೊಂಡು ಪ್ರಾರ್ಥನೆಗಳನ್ನ ತಮಿಳಿಗೆ ಮಾಡಿಸಿ, ತಾವೇ ಬಾಯಿಪಾಠ ಮಾಡ್ಕೊಂಡ್ರು. ಮಕ್ಕಳಿಗೆ ಹೇಳ್ಕೊಟ್ಟು, "ಹೋಗಿ ಅಪ್ಪ ಅಮ್ಮಗೆ, ಅಕ್ಕಪಕ್ಕದೋರಿಗೆ ಹೇಳ್ಕೊಡ್ರಿ" ಅಂತ ಕಳಿಸ್ತಿದ್ರು. ಪಾಠ ಬೀದ್ಯಾಗೆ ಶುರುವಾಗಿ ಒಲೆ ಮುಂದೆ ಮುಗೀಬೇಕು ಅನ್ನೋದು ಆ ಪಾದ್ರಿಗೆ ಆಗ್ಲೇ ತಿಳಿದಿತ್ತು.

ಅದೇ ಕಾಲದ ಸ್ವಲ್ಪ ಮುಂಚೆ, 1529ರಾಗೆ, ಜರ್ಮನಿಯಾಗೆ ಮಾರ್ಟಿನ್ ಲೂಥರ್ ಒಂದು ಸಣ್ಣ ಪುಸ್ತಕ ಬರೆದ್ರು. ಪ್ರಶ್ನೆ-ಉತ್ತರದ ಧರ್ಮೋಪದೇಶದ ಪುಸ್ತಕ. ನಾವೆಲ್ಲಾ ಆ ಥರದ ಪುಸ್ತಕ ಅಂದ್ರೆ ಚರ್ಚಿನ ಬೆಂಚು, ಬೆತ್ತ ಅಂದ್ಕೋತೀವಿ. ಆದ್ರೆ ಲೂಥರ್ ಅದನ್ನ ಬರೆದದ್ದು ಮನೆ ಯಜಮಾನ ತನ್ನ ಮನೆಯವ್ರಿಗೆ ಹೇಳ್ಕೊಡ್ಲಿ ಅಂತ. ಈ ಮಾತು ನಮ್ಮ ಮನೆ ಗಂಡಸ್ರಿಗೂ ಸ್ವಲ್ಪ ಓದಿ ಹೇಳ್ರಿ. ಪ್ರಾರ್ಥನೆ ಅಂದ್ರೆ ಹೆಂಗಸ್ರ ಕೆಲಸ ಅಂತ ಟಿವಿ ಮುಂದೆ ಕೂರೋರು ಭಾಳ ಮಂದಿ ಅದಾರೆ.

ಕನ್ನಡ ನೆಲಕ್ಕೆ ಬಂದ್ರೆ, 1640ರ ದಶಕದ ಕೊನೆಗೆ ಇಟಲಿಯ ಲಿಯೊನಾರ್ಡೊ ಚಿನ್ನಮಿ ಅನ್ನೋ ಜೆಸ್ವಿಟ್ ಪಾದ್ರಿ ಶ್ರೀರಂಗಪಟ್ಟಣದಾಗೆ ನೆಲೆ ಊರಿದ್ರು. ಮೈಸೂರು ಮಿಷನ್ ಶುರುವಾದದ್ದು ಅವ್ರಿಂದ. ಅವ್ರು ಮಾಡಿದ ಮೊದಲ ಕೆಲಸಗಳ ಪೈಕಿ ಕನ್ನಡ ಕಲಿತು, ಕನ್ನಡದಾಗೆ ಧರ್ಮೋಪದೇಶ ಬರೆದದ್ದೂ ಒಂದು. ವ್ಯಾಕರಣ, ನಿಘಂಟು ಕೂಡ ಮಾಡಿದ್ರು. ಮಕ್ಕಳಿಗೆ ಹೇಳ್ಬೇಕು ಅಂದ್ರೆ ಅವ್ವನ ಮಾತು ಬೇಕೇ ಬೇಕು ಅಂತ 370 ವರ್ಷದ ಹಿಂದೇನೇ ಒಬ್ಬ ಪರದೇಶಿಗೆ ಗೊತ್ತಾಗಿತ್ತು.

ಇನ್ನೊಂದು ಚೆಂದದ ವಿಚಾರ. ಗೋವಾದಾಗೆ ಥಾಮಸ್ ಸ್ಟೀಫನ್ಸ್ ಅನ್ನೋ ಇಂಗ್ಲಿಷ್ ಪಾದ್ರಿ ಬೈಬಲ್ ಕಥೆಗಳನ್ನ ಮರಾಠಿಯ ಓವಿ ಧಾಟಿಯಾಗೆ ಬರೆದ್ರು. ಆ ಪುಸ್ತಕದ ಹೆಸ್ರು ಕ್ರಿಸ್ತಪುರಾಣ, ಅಚ್ಚಾದದ್ದು 1616ರಾಗೆ. ಓವಿ ಅಂದ್ರೆ ಬೀಸುಕಲ್ಲಿನ ಮುಂದೆ ಕೂತು ಹೆಂಗಸ್ರು ಹಾಡೋ ಧಾಟಿ. ಜನ ತಮ್ಮ ಹಳೇ ಪುರಾಣಗಳನ್ನ ಬಿಟ್ಟಿದ್ರು, ಅದ್ರ ಜಾಗದಾಗೆ ಹಾಡೋಕೆ ಏನೂ ಇರಲಿಲ್ಲ. ಬರೀ ಪ್ರಶ್ನೆ-ಉತ್ತರ ಬಾಯಿಪಾಠ ಮಾಡಿದ್ರೆ ಮನ್ಯಾಗೆ ಕೆಲಸ ಮಾಡುವಾಗ ಗುನುಗೋಕೆ ಬರ್ತೈತೇನ್ರಿ? ಕೂಸು ಕಲಿಯೋದೇ ಅವ್ವ ಗುನುಗೋದನ್ನ ಕೇಳಿ.

ಚರ್ಚು ಇಲ್ಲದ 15 ವರ್ಷ

ಇದು ಸ್ವಲ್ಪ ಕಷ್ಟದ ಕಥೆ. ಮಲೆನಾಡಿನ ಕಡೆ ಕರಾವಳಿಯಿಂದ ಬಂದ ಕೊಂಕಣಿ ಮನೆಮಾತಿನ ಕ್ರೈಸ್ತರು ಭಾಳ ಮಂದಿ ಅದಾರಲ್ಲ, ಅವ್ರ ಹಿರೀಕರ ಕಥೆ. 1784ರಾಗೆ, ಇಂಗ್ಲಿಷರಿಗೆ ಸಹಾಯ ಮಾಡ್ಯಾರೆ ಅನ್ನೋ ಅನುಮಾನದ ಮೇಲೆ ಟಿಪ್ಪು ಸುಲ್ತಾನ ಕೆನರಾದ ಕ್ರೈಸ್ತರನ್ನ ಸೆರೆ ಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಸಾವಿರಾರು ಜನ, ಹೆಂಗಸ್ರು ಮಕ್ಕಳು ಸಮೇತ, ಘಾಟಿ ಹತ್ತಿ ನಡೆದು ಹೋದ್ರು. ದಾರಿಯಾಗೇ ಸತ್ತೋರು ಎಷ್ಟೋ. ಪಾದ್ರಿಗಳನ್ನ ಸೀಮೆಯಿಂದ ಹೊರಗೆ ಹಾಕಿದ್ರು, ಕರಾವಳಿಯ ಚರ್ಚುಗಳು ನೆಲಸಮ ಆದವು. 1799ರಾಗೆ ಶ್ರೀರಂಗಪಟ್ಟಣ ಬಿದ್ದ ಮೇಲೇನೇ ಬದುಕಿ ಉಳಿದೋರಿಗೆ ಬಿಡುಗಡೆ.

ಲೆಕ್ಕ ಹಾಕ್ರಿ, 15 ವರ್ಷ. ಸೆರೆಯಾಗೆ ಹುಟ್ಟಿದ ಕೂಸು ಹೊರಗೆ ಬರೋ ಹೊತ್ತಿಗೆ ಮದುವೆ ವಯಸ್ಸಿನ ಹತ್ರ ಬಂದಿತ್ತು. ಆ ಕೂಸು ತನ್ನ ಊರಿನ ಚರ್ಚು ನೋಡಿಲ್ಲ, ಗಂಟೆ ಕೇಳಿಲ್ಲ, ಪಾದ್ರಿ ಬಾಯಿಂದ ಪಾಠ ಕೇಳಿಲ್ಲ. ಆದ್ರೂ ಕರಾವಳಿಗೆ ವಾಪಸ್ ಹೋದೋರು ಮತ್ತೆ ಚರ್ಚು ಕಟ್ಟಿಕೊಂಡ್ರು. ಅದೇ ಹೊತ್ತಿಗೆ ಅಬ್ಬೆ ದ್ಯೂಬ್ವಾ ಅನ್ನೋ ಫ್ರೆಂಚ್ ಪಾದ್ರಿ ಶ್ರೀರಂಗಪಟ್ಟಣಕ್ಕೆ ಬಂದು, ಚದುರಿ ಹೋಗಿದ್ದ ಕ್ರೈಸ್ತರನ್ನ ಒಟ್ಟು ಮಾಡೋಕೆ ನಿಂತ್ರು. 1823ರ ತನಕ ಈ ಸೀಮೆಯಾಗೇ ಇದ್ರು. ಒಟ್ಟು ಮಾಡೋಕೆ ಏನಾದ್ರೂ ಉಳಿದಿರಬೇಕಲ್ಲ? 15 ವರ್ಷ ಅದನ್ನ ಉಳಿಸಿದೋರು ಯಾರು? ಪಾದ್ರಿ ಇಲ್ಲ, ಪುಸ್ತಕ ಇಲ್ಲ. ಕತ್ತಲೆಯಾಗೆ ಮಕ್ಕಳ ಹಣೆ ಮೇಲೆ ಶಿಲುಬೆ ಗುರುತು ಹಾಕಿ, ಬಾಯಿಗೆ ಬರೋ ಪ್ರಾರ್ಥನೆನ ಮೆಲ್ಲಗೆ ಹೇಳ್ಕೊಟ್ಟ ಅವ್ವಂದಿರು, ಅಜ್ಜಿಯರು ಬಿಟ್ರೆ ನನಗಂತೂ ಬೇರೆ ಉತ್ತರ ಹೊಳಿಯಲ್ಲ.

ಬಳ್ಳಾರಿಯ ಬೈಬಲ್ಲು, ಕಿಟ್ಟೆಲರ ಪದ್ಯ

ಮುಂದಿನ ಕಥೆ ನಮಗೆ ಇನ್ನೂ ಹತ್ರ. ಜಗಳೂರಿನಿಂದ ಆ ಕಡೆ ಹೋದ್ರೆ ಬಳ್ಳಾರಿ ಸೀಮೆ. ಅಲ್ಲಿಗೆ 1810ರಾಗೆ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಂದು, ಕನ್ನಡ ಕಲಿತು, ಬೈಬಲ್ಲನ್ನ ಕನ್ನಡಕ್ಕೆ ತರೋಕೆ ಕೂತ್ರು. 1831ರ ಹೊತ್ತಿಗೆ ಇಡೀ ಬೈಬಲ್ಲು ಕನ್ನಡದಾಗೆ ಬಂತು. ಸುಮಾರು 20 ವರ್ಷದ ಕೆಲಸ. 1834ರಾಗೆ ಬಾಸೆಲ್ ಮಿಷನ್ನಿನವ್ರು ಮಂಗಳೂರಿಗೆ ಬಂದ್ರು, ಅಲ್ಲಿಂದ ಧಾರವಾಡ, ಹುಬ್ಬಳ್ಳಿ, ಬೆಟಗೇರಿ ಕಡೆ ಬಂದ್ರು. ಶಾಲೆ ತೆರೆದ್ರು, ಅಚ್ಚಿನ ಮನೆ ಹಾಕಿದ್ರು. 1843ರಾಗೆ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ತಂದ ಹರ್ಮನ್ ಮೊಗ್ಲಿಂಗ್ ಅವ್ರೂ ಇದೇ ಮಿಷನ್ನಿನವ್ರು.

ಆದ್ರೆ ಈ ಹೊಸ ಸಭೆಗೆ ಒಂದು ದೊಡ್ಡ ಕೊರತೆ ಇತ್ತು. ಅದು ಮೊದಲ ತಲೆಮಾರು. ಹೊಸದಾಗಿ ನಂಬಿಕೆಗೆ ಬಂದ ಎಷ್ಟೋ ಜನ ಮನೆ, ಬಳಗ, ಕಸುಬು ಎಲ್ಲಾ ಕಳ್ಕೊಂಡು ಬಂದೋರು. ಅವ್ರಿಗೆ ಕೆಲಸ ಕೊಡಬೇಕು ಅಂತಾನೇ ನೇಯ್ಗೆ ಕಾರ್ಖಾನೆ, 1865ರಾಗೆ ಮಂಗಳೂರಿನ ಹಂಚಿನ ಕಾರ್ಖಾನೆ ಎಲ್ಲಾ ಶುರುವಾದವು. ಹೊಟ್ಟೆಗೆ ದಾರಿ ಆತು, ಆದ್ರೆ ಕೂಸಿಗೆ ಕಥೆ ಹೇಳೋ ಅಜ್ಜಿ ಎಲ್ಲಿಂದ ಬರ್ಬೇಕು? ಅಜ್ಜಿ ಹಳೇ ಮನ್ಯಾಗೇ ಉಳಿದಿದ್ಲು. ಆ ಜಾಗ ತುಂಬೋಕೆ ಮಿಷನ್ನಿನವ್ರು ಹಾಸ್ಟೆಲು, ಅನಾಥಾಲಯ ಕಟ್ಟಿದ್ರು. ಬೆಳಿಗ್ಗೆ ಪ್ರಾರ್ಥನೆ, ರಾತ್ರಿ ಪ್ರಾರ್ಥನೆ, ಒಟ್ಟಿಗೆ ಕೂತು ಊಟ. ಮನೆ ಮಾಡೋ ಕೆಲಸನ ಗಂಟೆ ಹೊಡೆದು ಮಾಡ್ಬೇಕಾತು.

ಇದೇ ಮಿಷನ್ನಿಗೆ 1853ರಾಗೆ ಬಂದೋರು ಫರ್ಡಿನಾಂಡ್ ಕಿಟ್ಟೆಲ್. 1894ರ ನಿಘಂಟಿನಿಂದ ಅವ್ರ ಹೆಸ್ರು ಎಲ್ಲರಿಗೂ ಗೊತ್ತು. ಅದಕ್ಕಿಂತ ಭಾಳ ಮೊದ್ಲು, 1862ರಾಗೆ, ಅವ್ರು ಕಥಾಮಾಲೆ ಅಂತ ಒಂದು ಪುಸ್ತಕ ಬರೆದ್ರು. ಯೇಸುವಿನ ಕಥೆನ ನಮ್ಮ ದೇಶದ ಛಂದಸ್ಸಿನಾಗೆ ಕಟ್ಟಿದ ಪದ್ಯ. ಸಭೆಯಾಗೆ ಆಗ ಜರ್ಮನ್ ಧಾಟಿಯ ಕೀರ್ತನೆಗಳು ಕನ್ನಡ ಮಾತಿಗೆ ಕೂರ್ತಿದ್ವು. ಆದ್ರೆ ಕಟ್ಟೆ ಮೇಲೆ ಕೂತು ಭಾರತ, ರಾಮಾಯಣ ರಾಗವಾಗಿ ಓದೋದನ್ನ ಕೇಳಿ ಬೆಳೆದ ಕಿವಿಗೆ ಬೇರೆನೇ ಬೇಕಿತ್ತು. ಗೋವಾದಾಗೆ ಸ್ಟೀಫನ್ಸ್ ಓವಿ ಹಿಡಿದಂಗೆ, ಇಲ್ಲಿ ಕಿಟ್ಟೆಲ್ ಕನ್ನಡದ ಪದ್ಯ ಹಿಡಿದ್ರು.

ಈ ಸಾಲಿನಾಗೆ ನಮ್ಮೋರೇ ಒಬ್ರನ್ನ ಹೇಳದೇ ಇರೋಕಾಗಲ್ಲ, ಚನ್ನಪ್ಪ ಉತ್ತಂಗಿ. 1881ರಾಗೆ ಧಾರವಾಡದಾಗೆ ಹುಟ್ಟಿ ಬಾಸೆಲ್ ಮಿಷನ್ನಿನ ಸಭಾಪಾಲಕರಾದೋರು. ಊರೂರು ತಿರುಗಿ ಜನರ ಬಾಯಾಗೆ ಇದ್ದ ಸರ್ವಜ್ಞನ ತ್ರಿಪದಿಗಳನ್ನ ಕೂಡಿ ಹಾಕಿ 1924ರಾಗೆ ಅಚ್ಚು ಹಾಕಿಸಿದ್ರು. 1949ರಾಗೆ ಕಲಬುರಗಿ ಸಾಹಿತ್ಯ ಸಮ್ಮೇಳನಕ್ಕೆ ಅವ್ರೇ ಅಧ್ಯಕ್ಷರು. ತ್ರಿಪದಿ ಅಂದ್ರೆ ಏನು? ನಮ್ಮ ಕಡೆ ಹೆಂಗಸ್ರು ಬೀಸುವಾಗ, ಕುಟ್ಟುವಾಗ ಹಾಡೋ ಮೂರು ಸಾಲಿನ ಪದವೇ. ಸಭೆಯ ಪಾಲಕರು ಮನೆ ಮಾತಿನ ಬೆಲೆ ಎಷ್ಟು ಅಂತ ತೋರಿಸ್ಕೊಟ್ರು ಅನ್ನೋದು ನನಗೆ ಹೆಮ್ಮೆಯ ವಿಚಾರ.

ಭಾನುವಾರದ ಶಾಲೆ ಹುಟ್ಟಿದ್ದೂ ಒಬ್ಬ ಹೆಂಗಸಿನ ಮನ್ಯಾಗೆ

ಸಂಡೇ ಸ್ಕೂಲ್ ಅನ್ನೋದು ಬೈಬಲ್ ಕಾಲದಿಂದ ಇಲ್ಲ. 1780ರಾಗೆ ಇಂಗ್ಲೆಂಡಿನ ಗ್ಲಾಸ್ಟರ್ ಊರಾಗೆ ರಾಬರ್ಟ್ ರೇಕ್ಸ್ ಅನ್ನೋ ಪತ್ರಿಕೆಯವ್ರು ಶುರು ಮಾಡಿದ್ದು. ಅಲ್ಲಿ ಬಡವರ ಮಕ್ಕಳು ವಾರವೆಲ್ಲಾ ಗುಂಡುಪಿನ್ನಿನ ಕಾರ್ಖಾನೆಯಾಗೆ ದುಡೀತಿದ್ರು. ಭಾನುವಾರ ಒಂದೇ ರಜಾ. ಆ ದಿನ ಅವ್ರಿಗೆ ಓದೋಕೆ ಕಲಿಸಬೇಕು, ಬೈಬಲ್ ಕಲಿಸಬೇಕು ಅಂತ ರೇಕ್ಸ್ ಹೊರಟಾಗ ಕಟ್ಟಡ ಇರಲಿಲ್ಲ. ಮೆರೆಡಿತ್ ಅನ್ನೋ ಹೆಂಗಸು ತನ್ನ ಮನ್ಯಾಗೇ ಮಕ್ಕಳನ್ನ ಕೂರಿಸ್ಕೊಂಡು ಹೇಳ್ಕೊಟ್ಲು. ನೂರು ವರ್ಷದೊಳಗೆ ಅದು ಜಗತ್ತೆಲ್ಲಾ ಹಬ್ಬಿತು. 1876ರಾಗೆ ಅಲಹಾಬಾದಿನಾಗೆ ಇಂಡಿಯಾ ಸಂಡೇ ಸ್ಕೂಲ್ ಯೂನಿಯನ್ ಹುಟ್ಟಿತು.

ಒಂದು ಮಾತು ಗಮನಿಸ್ರಿ. ಭಾನುವಾರದ ಶಾಲೆ ಹುಟ್ಟಿದ್ದು ಮನ್ಯಾಗೆ ಕಲಿಸೋಕೆ ತಾಯಿ ತಂದೆಗೆ ಪುರುಸೊತ್ತೇ ಇಲ್ಲದ, ಅಕ್ಷರವೂ ಇಲ್ಲದ ಮಕ್ಕಳಿಗಾಗಿ. ಅದು ಮನೆಗೆ ಊರುಗೋಲಾಗಿ ಬಂದದ್ದು. ಈಗ ನಾವು ಡಿಗ್ರಿ ಓದಿದ ಅಪ್ಪ ಅಮ್ಮ, ಟ್ಯೂಷನ್ನಿಗೆ ಬಿಟ್ಟಂಗೆ ಮಕ್ಕಳನ್ನ ಬಿಟ್ಟು ಬರ್ತೀವಿ.

ಮೈಸೂರು ಸೀಮೆಯಾಗೆ ವೆಸ್ಲಿಯನ್ ಮಿಷನ್ನಿನಂಥೋರು 19ನೇ ಶತಮಾನದಾಗೆ ಇನ್ನೊಂದು ದಾರಿ ಹಿಡಿದ್ರು. ಬೈಬಲ್ ವುಮನ್ ಅಂತ ಕರೀತಿದ್ದ ನಮ್ಮ ನಾಡಿನ ಹೆಂಗಸ್ರು ಮನೆ ಮನೆಗೆ ಹೋಗ್ತಿದ್ರು. ಗಂಡಸು ಪಾದ್ರಿಗೆ ನಡುಮನೆಯ ಒಳಗೆ ಜಾಗ ಇಲ್ಲ, ಇವ್ರಿಗೆ ಇತ್ತು. ಓದು, ಹೊಲಿಗೆ, ಕಥೆ, ಹಾಡು ಎಲ್ಲಾ ಜಗಲಿ ಮೇಲೆ, ಹಿತ್ತಲಾಗೆ ಕೂತು. ಪಕ್ಕದಾಗೆ ಆಡೋ ಮಕ್ಕಳ ಕಿವಿಗೂ ಬೀಳ್ತಿತ್ತು. ಮಿಷನ್ ವರದಿಗಳಾಗೆ ದೊರೆಗಳ ಹೆಸ್ರು ದೊಡ್ಡದಾಗಿ ಉಳಿದವು, ಈ ಹೆಂಗಸ್ರ ಹೆಸ್ರು ಎಷ್ಟೋ ಕಡೆ ಬರಲೇ ಇಲ್ಲ.

7 ವರ್ಷದ ಕೂಸಿಗೆ ಎಷ್ಟು ತಿಳಿದಿರಬೇಕು?

ಕಥೋಲಿಕರ ಮನೆಗಳಾಗೆ ಪ್ರಥಮ ಪರಮಪ್ರಸಾದ ದೊಡ್ಡ ಹಬ್ಬ. ಮೊದ್ಲು ಹಲವು ಕಡೆ 10, 12 ವರ್ಷ ಆಗೋ ತನಕ ಕೊಡ್ತಿರಲಿಲ್ಲ. ಪುಸ್ತಕ ಪೂರ್ತಿ ಬಾಯಿಪಾಠ ಆಗ್ಬೇಕು ಅನ್ನೋರು. 1910ರಾಗೆ 10ನೇ ಭಕ್ತಿನಾಥ ಪೋಪರು ಅದನ್ನ ಬದಲಾಯಿಸಿದ್ರು. ಸುಮಾರು 7 ವರ್ಷದ ಕೂಸಿಗೆ, ದಿನಾ ತಿನ್ನೋ ರೊಟ್ಟಿ ಬೇರೆ, ಈ ರೊಟ್ಟಿ ಬೇರೆ ಅಂತ ತಿಳಿದ್ರೆ ಸಾಕು, ಮಿಕ್ಕಿದ್ದು ಬೆಳೀತಾ ಕಲೀತೈತಿ ಅಂದ್ರು. ಕೂಸು ಸಿದ್ಧ ಆಗೈತೋ ಇಲ್ವೋ ಅಂತ ನೋಡೋ ಜವಾಬ್ದಾರಿನ ಗುರುಗಳ ಜೊತೆ ಮನೆಯವ್ರ ಮೇಲೂ ಹಾಕಿದ್ರು. ರೊಟ್ಟಿ ರೊಟ್ಟಿಗೆ ವ್ಯತ್ಯಾಸ ಹೇಳ್ಕೊಡೋಕೆ ರೊಟ್ಟಿ ತಟ್ಟೋಳಿಗಿಂತ ಬೇರೆ ಯಾರು ಬೇಕು ಹೇಳ್ರಿ.

ಆಗಿನ್ನೂ ಪೂಜೆ ನಡೀತಿದ್ದದ್ದು ಲ್ಯಾಟಿನ್ನಿನಾಗೆ. ಗುರುಗಳು ಪೀಠದ ಕಡೆ ಮುಖ ಮಾಡಿ ಹೇಳ್ತಿದ್ರೆ ಹಿಂದೆ ಕೂತ ಹೆಂಗಸ್ರು ತಮ್ಮ ಮಾತಿನಾಗೆ ಜಪಸರ ಎಣಿಸ್ತಿದ್ರು. 1962ರಿಂದ 1965ರ ತನಕ ನಡೆದ ಎಲ್ಡನೇ ವ್ಯಾಟಿಕನ್ ಮಹಾಸಭೆ ಆಯಾ ನಾಡಿನ ಮಾತಿಗೆ ದಾರಿ ಬಿಟ್ಟ ಮೇಲೆ ಪೂಜೆ ಕನ್ನಡಕ್ಕೆ ಬಂತು. ಅದೇ ಮಹಾಸಭೆ ಕುಟುಂಬನ ಮನೆಯೊಳಗಿನ ಸಭೆ ಅಂತ ಕರೀತು, ಮಕ್ಕಳಿಗೆ ನಂಬಿಕೆಯ ಮೊದಲ ಬೋಧಕರು ತಾಯಿ ತಂದೆ ಅಂತ ಹೇಳ್ತು. ಅವ್ವಂದಿರು ಕಾಲಕಾಲದಿಂದ ಮಾಡ್ತಾ ಬಂದದ್ದಕ್ಕೆ ಆಗ ಒಂದು ಹೆಸ್ರು ಸಿಕ್ಕಂಗಾತು.

ನಮ್ಮ ಹೊಳೆ ದಂಡೆ

ನಮ್ಮ ತಾಲ್ಲೂಕುಗಳು ಆಡಳಿತದಾಗೆ ಅಲ್ಲಿಂದ ಇಲ್ಲಿಗೆ ಓಡಾಡ್ಯಾವೆ. ಹೊನ್ನಾಳಿ, ಚನ್ನಗಿರಿ ಶಿವಮೊಗ್ಗ ಜಿಲ್ಲೆಯಾಗಿದ್ವು, ಜಗಳೂರು ಚಿತ್ರದುರ್ಗದಾಗಿತ್ತು, 1997ರಾಗೆ ದಾವಣಗೆರೆ ಜಿಲ್ಲೆ ಆತು. ನ್ಯಾಮತಿ ಇತ್ತೀಚೆಗೆ ಹೊನ್ನಾಳಿಯಿಂದ ಬೇರೆ ತಾಲ್ಲೂಕಾತು. ಕಥೋಲಿಕ ಸಭೆಯ ಲೆಕ್ಕದಾಗೆ 1988ರಾಗೆ ಶಿವಮೊಗ್ಗ ಧರ್ಮಪ್ರಾಂತ್ಯ ಆದಾಗಿನಿಂದ ನಾವೆಲ್ಲಾ ಅದ್ರೊಳಗೆ.

ಹೊನ್ನಾಳಿ ಮುಂದೆ ಹರಿಯೋ ತುಂಗಭದ್ರೆ ದಂಡೆಯಾಗೇ ಕೆಳಕ್ಕೆ ಹೋದ್ರೆ ಹರಿಹರ. ಅಲ್ಲಿಯ ಆರೋಗ್ಯ ಮಾತೆಯ ಚರ್ಚಿಗೆ 2019ರಾಗೆ ಬಸಿಲಿಕ ಅನ್ನೋ ಗೌರವ ಬಂತು. ಸೆಪ್ಟೆಂಬರ್ 8ರ ಹಬ್ಬಕ್ಕೆ ಜಾತಿ ಮತ ನೋಡದೇ ಜನ ಸೇರ್ತಾರೆ. ಆ ದಿನ ಮರಿಯಮ್ಮನವರ ಹುಟ್ಟುಹಬ್ಬ. ಕರಾವಳಿ ಕಡೆ ಅದೇ ದಿನ ತೆನೆ ಹಬ್ಬ. ಒಂಬತ್ತು ದಿನ ಮಕ್ಕಳು ಬುಟ್ಟಿಯಾಗೆ ಹೂವು ತಂದು ಬಾಲ ಮರಿಯಮ್ಮನಿಗೆ ಹಾಕ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಗೆ ಆಶೀರ್ವಾದ ಮಾಡಿ ಮನೆಗೊಂದು ಕೊಡ್ತಾರೆ. ಅದ್ರ ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಹಾಕಿ, ಎಲ್ಲರೂ ಒಟ್ಟಿಗೆ ಕೂತು ಊಟ. ನಮ್ಮ ಕಡೆ ಸೀಗಿ ಹುಣ್ಣಿಮೆಗೆ ಹೊಲಕ್ಕೆ ಬುತ್ತಿ ಕಟ್ಕೊಂಡು ಹೋಗಿ ಚರಗ ಚೆಲ್ತಾರಲ್ಲ, ಅದ್ರ ನೆಂಟತನ ಇದ್ರಾಗೆ ಕಾಣ್ತೈತಿ. 4 ವರ್ಷದ ಕೂಸಿಗೆ ಕೃತಜ್ಞತೆ ಅನ್ನೋ ಪದದ ಅರ್ಥ ಹೇಳೋಕಾಗಲ್ಲ. ಹೂವು ಕಿತ್ತ ಕೈಗೆ, ಹೊಸ ಅಕ್ಕಿ ತಿಂದ ನಾಲಗೆಗೆ ಅದು ತಾನೇ ಗೊತ್ತಾಗ್ತೈತಿ. ಡಿಸೆಂಬರಿನಾಗೆ ಮಕ್ಕಳ ಕೈಲೇ ಗೋದಲಿ ಕಟ್ಟಿಸೋದೂ ಹಂಗೇನೇ.

ಮನೆ ಒಳ್ಳೇದನ್ನಷ್ಟೇ ಕಲಿಸಲಿಲ್ಲ

ಮನೇನ ಇಷ್ಟು ಹೊಗಳಿದ ಮೇಲೆ ಇದನ್ನೂ ಹೇಳ್ಬೇಕು. ಹೆದರಿಕೆ ಕಲಿಸಿದ್ದೂ ಮನೆನೇ. "ಸುಳ್ಳು ಹೇಳಿದ್ರೆ ದೇವ್ರು ಕಣ್ಣು ಕೀಳ್ತಾನೆ" ಅನ್ನೋ ಮಾತು ಯಾವ ಧರ್ಮದ ಪುಸ್ತಕದಾಗೂ ಇಲ್ಲ, ಎಲ್ಲಾ ಧರ್ಮದ ಅಡಿಗಿಮನ್ಯಾಗೂ ಐತಿ. ಅವ್ರ ಮನ್ಯಾಗೆ ನೀರು ಕುಡಿಬ್ಯಾಡ, ಇವ್ರ ಪಕ್ಕ ಕೂರಬ್ಯಾಡ ಅನ್ನೋದನ್ನ ಕೂಸಿನ ಕಿವಿಗೆ ಹಾಕಿದ್ದೂ ಮನೆನೇ. ಬಾಸೆಲ್ ಮಿಷನ್ನಿನ ಹಾಸ್ಟೆಲಿನಾಗೆ ಎಲ್ಲಾ ಜಾತಿ ಮಕ್ಕಳೂ ಒಂದೇ ಸಾಲಿನಾಗೆ ಉಣ್ಣಬೇಕು ಅನ್ನೋ ಕಟ್ಟಳೆ ಇತ್ತು. ಅಲ್ಲಿ ಚರ್ಚು ಮನೆಗಿಂತ ಮುಂದಿತ್ತು. ಹಂಗಾಗಿ ಮನೆ ಸಾಕು, ಚರ್ಚು ಬ್ಯಾಡ ಅಂತ ನಾನು ಹೇಳ್ತಿಲ್ಲ. ಮನೆಯ ಕಿಟಕಿ ತೆಗೆಯೋಕೆ ಹೊರಗಿನ ಕೈ ಬೇಕಾಗ್ತೈತಿ. ಕೂಸಿಗೆ ತನ್ನ ಅವ್ವನಿಗಿಂತ ಬೇರೆ ಹಿರೀರೂ ಬೇಕು, ತನ್ನಂಥ ಬೇರೆ ಮಕ್ಕಳೂ ಬೇಕು.

ಈಗಿನ ಮಾತು

2020ರ ಮಾರ್ಚಿನಾಗೆ ಲಾಕ್‌ಡೌನ್ ಆದಾಗ ಎಲ್ಲಾ ಗುಡಿ, ಮಸೀದಿ, ಚರ್ಚು ಬಾಗಿಲು ಮುಚ್ಚಿದ್ವು. ಆ ವರ್ಷ ಏಪ್ರಿಲ್ 12ರ ಈಸ್ಟರ್ ಹಬ್ಬನ ಜನ ಮನ್ಯಾಗೇ, ಮೊಬೈಲ್ ಮುಂದೆ ಮೇಣದಬತ್ತಿ ಹಚ್ಚಿಟ್ಟು ಮಾಡಿದ್ರು. 1784ರ ಕಷ್ಟಕ್ಕೂ ಇದಕ್ಕೂ ಹೋಲಿಕೆ ಇಲ್ಲ ಬಿಡ್ರಿ. ಆದ್ರೆ ಪ್ರಶ್ನೆ ಅದೇ ಬಂತು. ಬಾಗಿಲು ಮುಚ್ಚಿದ ದಿನ ಮನ್ಯಾಗೆ ಏನೈತಿ? ಪ್ರಾರ್ಥನೆ ರೂಢಿ ಇದ್ದ ಮನೆಗೆ ಜಾಗ ಬದಲಾತು, ಅಷ್ಟೇ. ಭಾನುವಾರದ ಕ್ಲಾಸನ್ನೇ ನೆಚ್ಚಿಕೊಂಡಿದ್ದ ಮನೆಗೆ ಕೈ ಖಾಲಿ.

ಇನ್ನೊಂದು ಬಾಗಿಲು ಈಗ ಸದ್ದಿಲ್ದಂಗೆ ಮುಚ್ಚುತೈತಿ. ನಮ್ಮ ಮಕ್ಕಳು ಇಂಗ್ಲಿಷ್ ಮೀಡಿಯಂ. ಪ್ರಾರ್ಥನೆ ಕಲೀತಾರೆ, ಇಂಗ್ಲಿಷಿನಾಗೆ ಪಟಪಟ ಹೇಳ್ತಾರೆ. ಅಜ್ಜಿ ಕನ್ನಡದಾಗೋ ಕೊಂಕಣಿಯಾಗೋ ತಮಿಳಿನಾಗೋ ಹೇಳ್ತಾಳೆ. ಇಬ್ರೂ ಒಂದೇ ದೇವ್ರ ಮುಂದೆ ಮಂಡಿ ಊರ್ತಾರೆ, ಒಬ್ರ ಮಾತಿಗೆ ಇನ್ನೊಬ್ರು ದನಿ ಕೂಡಿಸೋಕಾಗಲ್ಲ. ಚಿನ್ನಮಿ, ಹ್ಯಾಂಡ್ಸ್, ಕಿಟ್ಟೆಲ್ ಸಮುದ್ರ ದಾಟಿ ಬಂದು ವರ್ಷಗಟ್ಟಲೆ ಕೂತು ನಮ್ಮ ಮಾತು ಕಲಿತದ್ದು ಯಾತಕ್ಕೆ? ಅವ್ವನ ಮಾತಿನಾಗೆ ಹೇಳಿದ್ದು ಮಾತ್ರ ಒಳಗೆ ಇಳೀತೈತಿ ಅಂತ. ಅವ್ರು ಕಷ್ಟಪಟ್ಟು ಕಲಿತ ಮಾತನ್ನ ನಾವು ಪುಕ್ಕಟೆ ಸಿಕ್ಕೈತಿ ಅಂತ ಬಿಟ್ಟು ಕೊಡ್ತಿದೀವಿ.

ದೊಡ್ಡದೇನೂ ಮಾಡ್ಬೇಕಿಲ್ಲ. ರಾತ್ರಿ ಉಂಡ ಮೇಲೆ 10 ನಿಮಿಷ, ಮನೆ ಮಾತಿನಾಗೆ, ಗಂಡಸ್ರೂ ಕೂತು. ವಾರಕ್ಕೊಂದು ಹಾಡು. ಕೂಸು ಪ್ರಶ್ನೆ ಕೇಳಿದ್ರೆ ಗದರಿಸದೇ, ಗೊತ್ತಿದ್ರೆ ಉತ್ತರ, ಗೊತ್ತಿಲ್ಲದಿದ್ರೆ "ಭಾನುವಾರ ಕೇಳೋಣ" ಅಂತ ಒಂದು ಮಾತು. ಆಗ ಕ್ಲಾಸಿನ ಆ ಒಂದು ತಾಸಿಗೂ ಕೆಲಸ ಸಿಗ್ತೈತಿ.

ಮತ್ತೆ ಒಂದು ಕೆಲಸ ಇದೇ ವಾರ ಮಾಡ್ರಿ. ನಿಮ್ಮ ಮನ್ಯಾಗೆ ಎಲ್ಲರಿಗಿಂತ ಹಿರೀ ಹೆಂಗಸು ಯಾರದಾರೋ, ಅವ್ರ ಪಕ್ಕ ಕೂತು, ಅವ್ರು ಸಣ್ಣೋರಿದ್ದಾಗ ಕಲಿತ ಪ್ರಾರ್ಥನೆ, ಹಾಡು, ದೇವ್ರ ಕಥೆ ಹೇಳಿಸ್ರಿ. ಮೊಬೈಲಿನಾಗೆ ರೆಕಾರ್ಡ್ ಮಾಡ್ಕೊಳ್ರಿ, ಒಂದು ನೋಟ್‌ಬುಕ್ಕಿನಾಗೂ ಬರೆದಿಡ್ರಿ. ಯಾವ ಧರ್ಮದ ಮನೆ ಆದ್ರೂ ಸರಿ. ಪಕ್ಕದಾಗೆ ಕೂಸನ್ನೂ ಕೂರಿಸ್ಕೊಳ್ರಿ.